ಗುಳ್ಳೆ ತೊಟ್ಟಿ ಹೊರಟ ದಿನ

ನಮ್ಮೂರಲ್ಲಿ ಬಳಸಿದ ಸಾಮಾನು ಮಾರುವವರು ಮೊದಲು ಮನೆಯ ಮಕ್ಕಳನ್ನು ಹೊರಗೆ ಕಳಿಸುತ್ತಾರೆ. ಆಮೇಲೆ ಕೊಳ್ಳಲು ಬಂದವರಿಗೆ ಚಾಪೆ ಹಾಸಿ, ಕುಡಿಯಲು ನೀರು ಕೊಟ್ಟು, ಸಾಮಾನಿನ ಮೇಲೆ ಅಂಗೈ ಊರಿ ಹೇಳಲು ಶುರು ಮಾಡುತ್ತಾರೆ. ಆ ಸಾಮಾನಿನ ಜೊತೆ ನಡೆದದ್ದನ್ನೆಲ್ಲ ಹೇಳಬೇಕು. ಮಂಚವಾದರೆ ಮಂಚದ್ದು, ಒರಳಾದರೆ ಒರಳಿನದ್ದು. ಹೇಳಿದ್ದು ಪೂರ್ತಿಯಾದರೆ ಸಾಮಾನು ತನ್ನ ತೂಕದಷ್ಟೇ ತೂಗಿ, ಕೆಲವೊಮ್ಮೆ ಅದಕ್ಕಿಂತ ಹಗುರವಾಗಿ, ಹೊಸ್ತಿಲು ದಾಟುತ್ತದೆ. ಮುಚ್ಚಿಟ್ಟದ್ದು ಒಂದು ಉಳಿದರೂ ನೆಲ ಬಿಡುವುದಿಲ್ಲ. ಮಾರಿದರೆ ಮಾತ್ರವಲ್ಲ, ಸುಮ್ಮನೆ ಕೊಟ್ಟರೂ ಹೀಗೇ. ಮನೆಯೊಳಗೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಎಳೆದಾಡಿಕೊಳ್ಳಬಹುದು. ಕೈ ಬದಲಾಗುವಾಗ ಮಾತ್ರ ಬಾಯಿ ಬಿಡಬೇಕು.

ನನ್ನ ಅತ್ತೆ ಒನಕೆ ಮಾರಿದ್ದು ನನಗೆ ಚೆನ್ನಾಗಿ ನೆನಪಿದೆ. ಗಾಣದ ಬೀದಿಯ ಹೆಂಗಸೊಬ್ಬಳು ಕೊಳ್ಳಲು ಬಂದಿದ್ದಳು. ಅತ್ತೆ ಒನಕೆಯ ಮೇಲೆ ಕೈಯಿಟ್ಟು, ಎಷ್ಟು ಭತ್ತ ಕುಟ್ಟಿದೆ, ಯಾರ ಮದುವೆಗೆ ಅರಿಸಿನ ಕುಟ್ಟಿದೆ ಎಂದೆಲ್ಲ ಹೇಳಿ ಕೊನೆಗೆ, “ಇದ್ರಲ್ಲಿ ನಮ್ ಸೊಸೆಗೆ ಎರಡು ಸಲ ಬಾರಿಸಿದೀನಿ ಕಣವ್ವ” ಎಂದರು. ಆಕೆ ಎತ್ತಲು ಹೋದರೆ ಒನಕೆ ಅಲುಗಲಿಲ್ಲ. ಅತ್ತೆ ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನನ್ನು ದುರುಗುಟ್ಟಿ ನೋಡಿ, “ಹೂಂ, ಮೂರು” ಎಂದರು. ಒನಕೆ ಎದ್ದಿತು. ಆಮೇಲೆ ಅದರ ಮಾತು ನಮ್ಮಿಬ್ಬರಲ್ಲಿ ಬರಲೇ ಇಲ್ಲ. ಸಾಮಾನಿಗಾಗಿ ಆಡಿದ ಮಾತನ್ನು ಮತ್ತೆ ಎತ್ತಿ ಆಡಬಾರದು, ಅದು ಸಾಮಾನಿನ ಜೊತೆಗೇ ಹೋಗಬೇಕು ಎನ್ನುವುದು ನಮ್ಮಲ್ಲಿಯ ರೂಢಿ. ಹೀಗೆ ಎಷ್ಟೋ ಮನೆಗಳ ಎಷ್ಟೋ ಸಂಗತಿ ಸಾಮಾನು ಸಾಗಿಸುವ ನೆಪದಲ್ಲಿ ಮುಗಿದುಹೋಗುತ್ತದೆ. ಮುಗಿಯದ ಮನೆಗಳೂ ಇವೆ. ಸುಣ್ಣದ ವ್ಯಾಪಾರಿ ಪುಟ್ಟಸಿದ್ದಯ್ಯನವರ ಪಡಸಾಲೆಯಲ್ಲಿ ಮೂರು ಬೀರು, ಎರಡು ತೊಟ್ಟಿಲು ಒತ್ತೊತ್ತಾಗಿ ನಿಂತಿವೆ; ಆ ಮನೆಯವರು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾರೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಮಾರುವುದಿಲ್ಲ ಎಂದವರನ್ನು ಎರಡನೆಯ ಸಲ ಕೇಳಬಾರದು.

ನಮ್ಮ ಮನೆಯ ಬಚ್ಚಲಲ್ಲಿದ್ದದ್ದು ಗುಳ್ಳೆ ತೊಟ್ಟಿ. ಬಿಸಿನೀರು ತುಂಬಿ ಗುಂಡಿ ಒತ್ತಿದರೆ ಒಳಗಿನ ತೂತುಗಳಿಂದ ಗಾಳಿ ನುಗ್ಗಿ ನೀರು ಅನ್ನದ ಎಸರಿನಂತೆ ಕೊತಕೊತ ಎನ್ನುತ್ತಿತ್ತು. ಬೀದಿಯವರು ಅದಕ್ಕೇ ಆ ಹೆಸರಿಟ್ಟರು. ಮಾಸಿದ ನೀಲಿ ಬಣ್ಣ, ಇಬ್ಬರು ಎದುರುಬದುರು ಕೂರುವಷ್ಟು ಅಗಲ. ಅದನ್ನು ಕೂರಿಸಲು ಬಚ್ಚಲ ಗೋಡೆ ಒಡೆಸಿ ಹಿತ್ತಲಿನವರೆಗೆ ಬೆಳೆಸಿದ್ದೆವು. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ನಿವೃತ್ತಿಯಾದ ಎರಡನೆಯ ವರ್ಷ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ದಿನಾ ಬಿಸಿನೀರಲ್ಲಿ ಕೂರಿಸಿ ನೀವಿ ಎಂದರು ಡಾಕ್ಟರು. ಅದೇ ಸಮಯಕ್ಕೆ ಬಸ್ ನಿಲ್ದಾಣದ ಹಿಂದಿನ ಲಾಡ್ಜು ಮುಚ್ಚಿತು. ಮಹಡಿಯ ದೊಡ್ಡ ರೂಮಿನಲ್ಲಿದ್ದ ತೊಟ್ಟಿಯನ್ನು ಮಾರುತ್ತಾರೆ ಎಂದು ಸುದ್ದಿ ಬಂತು.

ಲಾಡ್ಜಿನ ತೊಟ್ಟಿ ಎಂದರೆ ಅದರ ಜೊತೆ ನಡೆದದ್ದು ಕಡಿಮೆಯೇ? ಮ್ಯಾನೇಜರು ಮೂರೂವರೆ ಗಂಟೆ ಹೇಳಿದ. ಯಾರು ಯಾರ ಜೊತೆ ಬಂದರು, ಯಾವ ಅಧಿಕಾರಿ ಯಾರ ಹೆಸರಲ್ಲಿ ರೂಮು ತೆಗೆದ, ಯಾವ ಮದುಮಗ ರಾತ್ರಿಯೆಲ್ಲ ಅದರೊಳಗೆ ಒಬ್ಬನೇ ಕೂತು ಅತ್ತ. ಮೊದಲ ಅರ್ಧ ಗಂಟೆಗೇ ನಾನು ಸೆರಗಿನಿಂದ ಕಿವಿ ಮುಚ್ಚಿಕೊಂಡೆ. ಯಜಮಾನರು ಬಾಯಿಯ ಒಂದೇ ಬದಿಯಿಂದ ನಗುತ್ತ, “ಹೂಂ, ಆಮೇಲೆ?” ಎನ್ನುತ್ತಿದ್ದರು. ಕೊನೆಗೆ ತೊಟ್ಟಿ ಹೂವಿನ ಬುಟ್ಟಿಯಂತೆ ಎದ್ದು ಬಂತು. ಆಟೋದಲ್ಲಿ ಮನೆಗೆ ಬರುವಾಗ ಹೇಳಿದರು, “ಹೊನ್ನೂ, ಅದರ ಹಳೇದೆಲ್ಲ ಅಲ್ಲೇ ಇಳೀತು. ಇನ್ನು ನಮ್ಮಿಬ್ರಿಂದ ಏನ್ ಸೇರುತ್ತೆ ಅದಕ್ಕೆ? ಬರೀ ಸೋಪಿನ ನೊರೆ.”

ನನ್ನ ಹೆಸರು ಹೊನ್ನಾಜಮ್ಮ. ಹೊನ್ನೂ ಎನ್ನುತ್ತಿದ್ದವರು ಅವರೊಬ್ಬರೇ. ಆ ತೊಟ್ಟಿಯ ಮೋಟಾರನ್ನು ಅವರು ಎಡಗೈಯಲ್ಲೇ ರಿಪೇರಿ ಮಾಡಿದರು. ಸ್ಪಾನರು ಹಿಡಿಯಲು ನಾನು. ಡಿಪೋದ ಹಳೆಯ ಗೆಳೆಯರಿಂದ ಡ್ರೈವರ್ ಸೀಟಿನ ಬೆಲ್ಟು ತರಿಸಿ ತೊಟ್ಟಿಗೆ ಕೂಡಿಸಿಕೊಂಡರು. ಬಲಗಡೆ ಸತ್ವವಿಲ್ಲದ ಮೈ ನೀರಲ್ಲಿ ಜಾರಬಾರದಲ್ಲ. ದಿನಾ ಮಧ್ಯಾಹ್ನ ಎರಡು ಗಂಟೆಗೆ ಅವರನ್ನು ತಬ್ಬಿ ಎತ್ತಿ, ಒಳಗೆ ಕೂರಿಸಿ, ಬೆಲ್ಟಿನ ಕೊಂಡಿ ಹಾಕಿ, ಗುಂಡಿ ಒತ್ತುತ್ತಿದ್ದೆ. ಒಂಬತ್ತು ವರ್ಷ. ಒಂದು ದಿನವೂ ತಪ್ಪಿಸಲಿಲ್ಲ. “ತಾಳ್ಮೆ ಅಂದ್ರೆ ಹೊನ್ನಾಜಮ್ಮ” ಎಂದು ಬೀದಿಯವರು ತಮ್ಮ ಸೊಸೆಯರಿಗೆ ನನ್ನನ್ನು ತೋರಿಸುತ್ತಿದ್ದರು. ಯಜಮಾನರು ದಿನಕ್ಕೆ ಎಷ್ಟು ಸಲ “ಹೊನ್ನೂ” ಎಂದು ಕೂಗುತ್ತಿದ್ದರೋ ಎಣಿಸಿದವರಿಲ್ಲ. ದಿಂಬು ಸರಿಸಲು, ನೊಣ ಓಡಿಸಲು, ನೀರು ಕುಡಿಸಲು, ಏನೂ ಬೇಡವಾದರೆ ಇದ್ದೀಯಾ ಎಂದು ನೋಡಲು. ಜೋರು ಮಾಡಿದವರಲ್ಲ. ಕೆಲಸ ಮುಗಿದ ಮೇಲೆ, “ನಿಂಗೆ ಕಷ್ಟ ಕೊಡ್ತಿದೀನಿ ಕಣೆ” ಎನ್ನುತ್ತಿದ್ದರು. ಅದಕ್ಕೂ ಇಲ್ಲ ಬಿಡಿ ಎಂದು ನಾನೇ ಸಮಾಧಾನ ಹೇಳಬೇಕಿತ್ತು.

ನನ್ನನ್ನು ರಾತ್ರಿ ಶಾಲೆಗೆ ಸೇರಿಸಿದವರೂ ಅವರೇ. ಪೆನ್ಷನ್ ಕಾಗದ ಬಂದರೆ ಓದಲು ಅವರ ಕಣ್ಣು ಮಂಜು, ಬರೆಯಲು ಕೈಯಿಲ್ಲ, ನನಗೆ ಅಕ್ಷರವಿಲ್ಲ. “ನೀನೇ ಕಲ್ತ್ಕೋ, ನಾನೆಲ್ಲಿಗೂ ಓಡೋಗಲ್ಲ” ಎಂದು ನಗಾಡಿ, ಪಕ್ಕದ ಮನೆಯವರನ್ನು ಎರಡು ಗಂಟೆ ತಮ್ಮ ಜೊತೆ ಕೂರಲು ಒಪ್ಪಿಸಿ ಕಳಿಸಿದರು. ಅರವತ್ತೈದಕ್ಕೆ ನಾನು ಸ್ಲೇಟು ಹಿಡಿದೆ. ಮೊಣಕಾಲು ಬೆಂಚಿಗೆ ಹಿಡಿಸದ ಹನ್ನೊಂದು ಜನ ಹೆಂಗಸರು ಇದ್ದೆವು. ನಮ್ಮ ಟೀಚರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ನನ್ನ ಅಕ್ಷರ ದುಂಡಗಿದೆ ಎಂದು ಒಂದು ದಿನ ಎಲ್ಲರಿಗೂ ತೋರಿಸಿದಳು. ನನ್ನ ಬದುಕಿನಲ್ಲಿ ನನ್ನದೊಂದು ವಸ್ತುವನ್ನು ಯಾರೋ ಎತ್ತಿ ತೋರಿಸಿದ್ದು ಅದೇ ಮೊದಲು. ಆ ದಿನದಿಂದ ಮನೆಗೆಲಸದ ಸಂದಿನಲ್ಲಿ ಐದು ನಿಮಿಷ ಸಿಕ್ಕರೂ ಬರೆಯಲು ಕೂರುತ್ತಿದ್ದೆ. ಐದು ನಿಮಿಷ ಸಿಗುತ್ತಿದ್ದದ್ದು ಅವರು ತೊಟ್ಟಿಯಲ್ಲಿದ್ದಾಗ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಬೆಲ್ಟಿನ ಕೊಂಡಿ ಬಿಟ್ಟುಕೊಂಡು ಅವರು ನೀರೊಳಕ್ಕೆ ಜಾರಿದರು. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ, ಬಂದು ನೋಡುವಷ್ಟರಲ್ಲಿ ಜೀವ ಹೋಗಿತ್ತು. ಊರಿಗೆ ನಾನು ಹೇಳಿದ್ದು ಇಷ್ಟು. ಮಗಳು ಸುಧಾಮಣಿಗೂ ಇಷ್ಟೇ. ಕೊಂಡಿಗೆ ತುಕ್ಕು ಹಿಡಿದದ್ದನ್ನು ಬಂದವರೆಲ್ಲ ನೋಡಿದರು. ಸುಧಾಮಣಿ ಅದನ್ನು ಕೈಯಲ್ಲಿ ಹಿಡಿದು, “ನಾನ್ ನೋಡ್ಬೇಕಿತ್ತು, ನಾನು ನರ್ಸ್ ಆಗಿ ನೋಡ್ಬೇಕಿತ್ತು” ಎಂದು ಗೋಡೆಗೆ ತಲೆ ಚಚ್ಚಿಕೊಂಡಳು. ಅವಳನ್ನು ಹಿಡಿದು ಸಮಾಧಾನ ಮಾಡಿದವಳೂ ನಾನೇ. ಆಮೇಲೆ ತೊಟ್ಟಿಯ ಮೇಲೆ ಹಳೆಯ ಜಮಖಾನ ಹೊದಿಸಿ, ನಾನು ಹಿತ್ತಲಲ್ಲಿ ತಂಬಿಗೆಯಿಂದ ಸ್ನಾನ ಮಾಡಿಕೊಳ್ಳತೊಡಗಿದೆ.

ಮೆಹಬೂಬಿ ಹಳ್ಳದ ಆಚೆ ಬೀಡಿ ಕಟ್ಟುವವಳು. ಅವಳ ಮಗಳು ನಸೀಮಾಗೆ ಹನ್ನೆರಡು ವರ್ಷ. ಹುಟ್ಟಿದಾಗಿನಿಂದ ಕಾಲುಗಳು ಸೆಟೆದು ಮಡಚಿಕೊಂಡಿವೆ. ಸುಧಾಮಣಿ ಕೆಲಸ ಮಾಡುವ ಆಸ್ಪತ್ರೆಗೆ ವಾರಕ್ಕೊಮ್ಮೆ ಬಂದು ಕಾಲು ನೀವಿಸಿಕೊಂಡು ಹೋಗುತ್ತಿದ್ದಳು. ದಿನಾ ಬಿಸಿನೀರಲ್ಲಿ ಕೂರಿಸಿ ನೀವಿದರೆ ಬಿಡಬಹುದು, ಈ ವರ್ಷದೊಳಗೆ ಬಿಡದಿದ್ದರೆ ಮೂಳೆ ಹಾಗೇ ನಿಂತುಬಿಡುತ್ತದೆ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಮೆಹಬೂಬಿ ಮಗಳನ್ನು ಬೆನ್ನಿಗೆ ಹಾಕಿಕೊಂಡು ತೊಟ್ಟಿ ಕೇಳಲು ನಮ್ಮ ಬಾಗಿಲಿಗೆ ಬಂದಳು. ಮಾರುವುದಿಲ್ಲಮ್ಮ ಎಂದೆ. ಮುಂದಿನ ವಾರ ಮತ್ತೆ ಬಂದಳು. ಮತ್ತೆ ಅದೇ ಹೇಳಿದೆ. ಮೂರನೆಯ ಸಲ ಬಂದಾಗ ನನಗೆ ಸಿಟ್ಟೇ ಬಂತು. “ಒಂದ್ಸಲ ಇಲ್ಲ ಅಂದ್ರೆ ಇಲ್ಲ ಅಲ್ವೇನಮ್ಮ? ಊರ ಮರ್ಯಾದೆ ಗೊತ್ತಿಲ್ವ?”

“ಗೊತ್ತು ಅಜ್ಜಿ. ಮರ್ಯಾದೇನ ಮನೇಲಿ ಮಲಗ್ಸಿ ಬಂದಿದೀನಿ” ಎಂದಳು. ಬೆನ್ನ ಮೇಲಿದ್ದ ಹುಡುಗಿ ಕಿಸಕ್ಕನೆ ನಕ್ಕಿತು.

ಹಾಗಾದರೆ ಇಲ್ಲಿಗೇ ತಂದು ಮೀಯಿಸು ಎಂದೆ. ಮೂರು ದಿನ ತಂದಳು. ಗುಳ್ಳೆಯ ಸದ್ದು ಶುರುವಾದ ಕೂಡಲೇ ನಾನು ಬೀದಿಗೆ ಹೋಗಿ ನಿಲ್ಲುತ್ತಿದ್ದೆ. ನಾಲ್ಕನೆಯ ದಿನ ಹಳ್ಳ ದಾಟುವಾಗ ಕಲ್ಲಿನ ಮೇಲೆ ಜಾರಿ ತಾಯಿ ಮಗಳು ಇಬ್ಬರೂ ಬಿದ್ದರು. ಹುಡುಗಿಯ ಹಣೆಗೆ ಹೊಲಿಗೆ ಹಾಕಿದ ಸುಧಾಮಣಿ ಸಂಜೆ ಸೀದಾ ನಮ್ಮ ಮನೆಗೆ ಬಂದಳು. “ಅಮ್ಮ, ಅಪ್ಪ ಇದ್ದಿದ್ರೆ ತಾವೇ ಹೊತ್ಕೊಂಡು ಹೋಗಿ ಕೊಡೋರು. ಹಮಾಲಿ ಬೋರಣ್ಣಂಗೆ ಹೇಳ್ಬಿಟ್ಟಿದೀನಿ, ಶುಕ್ರವಾರ ಬರ್ತಾರೆ. ನಾನೂ ರಜ ಹಾಕಿದೀನಿ. ಅಪ್ಪನ ತೊಟ್ಟಿ ಹೋಗೋವಾಗ ನಾನಿರ್ಬೇಕು.”

“ನೀನ್ಯಾಕೆ? ಹೇಳೋದೆಲ್ಲ ನಂಗೇ ಗೊತ್ತಲ್ಲ.”

“ನಂಗೊತ್ತಿಲ್ದಿರೋದು ಏನಮ್ಮ ಇದೆ ಅದ್ರಲ್ಲಿ?” ಎಂದಳು. ನಾನು ಒಲೆಯ ಕಡೆ ತಿರುಗಿದೆ. ಬೇಡ ಎಂದರೆ ಬೇಡ ಎಂದದ್ದೇ ಒಂದು ಹೇಳಿಕೆಯಾಗುತ್ತಿತ್ತು.

ಶುಕ್ರವಾರ ಹತ್ತು ಗಂಟೆಗೆ ಬೋರಣ್ಣ ಇನ್ನೂ ಮೂರು ಜನ ಹಮಾಲರನ್ನು ಕರೆದುಕೊಂಡು ಬಂದ. ಹಗ್ಗ, ಬಿದಿರು ಬೊಂಬು, ಕಿವಿಗೆ ಹತ್ತಿ. ಹೇಳುವುದನ್ನು ಕೇಳಿಸಿಕೊಳ್ಳಬೇಕಾದವರು ಕೊಳ್ಳುವವರು ಮಾತ್ರ; ಹಮಾಲರು ಹತ್ತಿ ಇಟ್ಟುಕೊಳ್ಳುತ್ತಾರೆ. ಬೋರಣ್ಣನ ಹತ್ತಿ ಬರೀ ತೋರಿಕೆಗೆ ಎಂದು ಊರಿಗೆಲ್ಲ ಗೊತ್ತು, ಆದರೆ ಅವನ ಬಾಯಿಂದ ಒಂದು ಮಾತೂ ಹೊರಗೆ ಬಿದ್ದದ್ದಿಲ್ಲ. ನಲವತ್ತು ವರ್ಷದಿಂದ ಎತ್ತಿ ಎತ್ತಿ, ಏಳದ ಸಾಮಾನಿಗೆ ಕೈ ಹಾಕಿದರೆ ಒಳಗೆ ಉಳಿದದ್ದು ಎಂಥದು ಎಂದು ಅವನಿಗೆ ಗೊತ್ತಾಗುತ್ತಿತ್ತು. ಬೈಗುಳದ ಭಾರ ಮುಂಗೈಗೆ ಬರುತ್ತೆ, ಕಳ್ಳತನದ್ದು ಸೊಂಟಕ್ಕೆ, ಸಾವಿನದ್ದು ಹಿಮ್ಮಡಿಗೆ ಎನ್ನುತ್ತಿದ್ದ. ಮೆಹಬೂಬಿ ಚಾಪೆಯ ಮೇಲೆ ಕೂತಳು. ಮಗಳನ್ನು ಪಕ್ಕದ ಮನೆಯ ಜಗಲಿಯಲ್ಲಿ ಬಿಟ್ಟು ಬಂದಿದ್ದಳು. ಸುಧಾಮಣಿ ಬಚ್ಚಲ ಬಾಗಿಲಿಗೆ ಒರಗಿ ನಿಂತಳು, ಅವತ್ತು ನಾನು ಕೂತಿದ್ದ ಜಾಗದಲ್ಲಿ.

ನಾನು ಜಮಖಾನ ತೆಗೆದು ಕೈಯಿಟ್ಟೆ. ಸಣ್ಣಸಣ್ಣದನ್ನೆಲ್ಲ ಮೊದಲು ಹೇಳಿದೆ. ಮೊಮ್ಮಗಳ ನಾಮಕರಣಕ್ಕೆ ಇದರಲ್ಲೇ ಅಕ್ಕಿ ನೆನೆಹಾಕಿದ್ದು. ಪಕ್ಕದ ಮನೆಯವರ ಬೆಕ್ಕು ಮರಿ ಹಾಕಿದ್ದು, ಆ ಮರಿಗಳನ್ನು ನಾನು ಯಾರಿಗೂ ಹೇಳದೆ ಸಂತೆಯಲ್ಲಿ ಬಿಟ್ಟುಬಂದದ್ದು. ಯಜಮಾನರು ಒಂದೊಂದು ಸಲ ನೀರಲ್ಲೇ ಉಚ್ಚೆ ಹೊಯ್ದು ಮಗುವಿನಂತೆ ಮುಖ ತಿರುಗಿಸಿಕೊಳ್ಳುತ್ತಿದ್ದದ್ದು. ಸುಧಾಮಣಿ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ಕೊಂಡಿ ಬಿಟ್ಟುಕೊಂಡದ್ದು, ಬಟ್ಟೆ ಹರವುತ್ತಿದ್ದದ್ದು, ಬಂದು ನೋಡಿದ್ದು. ಅವರು ಇದರಲ್ಲೇ ಹೋದರಮ್ಮ ಎಂದು ಮೆಹಬೂಬಿಗೆ ಹೇಳಿದೆ. ಅವಳು ತಲೆ ಬಗ್ಗಿಸಿ, “ಗೊತ್ತು ಅಜ್ಜಿ. ನೀರು ಯಾರನ್ನ ಬಿಟ್ಟಿದೆ” ಎಂದಳು.

“ಐಸಾ” ಎಂದು ನಾಲ್ವರೂ ಕೈ ಹಾಕಿದರು. ತೊಟ್ಟಿ ಮನೆಯ ಅಡಿಪಾಯಕ್ಕೆ ಸೇರಿದ ಕಲ್ಲಿನಂತೆ ಕೂತಿತ್ತು. ಬೋರಣ್ಣ ಇನ್ನೊಂದು ಸಲ ಬಗ್ಗಿದ. ಅವನ ಕಣ್ಣು ತನ್ನದೇ ಹಿಮ್ಮಡಿಯ ಕಡೆ ಹೋದದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಕೈ ಬಿಟ್ಟು, ಬೆವರು ಒರೆಸಿಕೊಳ್ಳುವವನಂತೆ ಮಾಡಿ, “ಸುಧಕ್ಕ, ಒಂದ್ ಲೋಟ ಕಾಫಿ ಕಾಯ್ಸ್‌ಬಾರ್ದಾ? ನಿಮ್ ಕೈ ಕಾಫಿ ಕುಡ್ದು ಎಷ್ಟ್ ದಿನ ಆಯ್ತು” ಎಂದ.

“ಎತ್ತಿ ಮೊದ್ಲು, ಆಮೇಲೆ ಕಾಫಿ” ಎಂದಳು ಸುಧಾಮಣಿ. ಆಮೇಲೆ ನನ್ನ ಕಡೆ, “ಅಮ್ಮ, ಏನೋ ಮರ್ತಿದೀಯ. ನೆನಪು ಮಾಡ್ಕೋ. ಬೆಕ್ಕಿನ ಮರಿ ತರದ್ದೇ ಏನೋ ಇರುತ್ತೆ.”

“ಹೋಗಿ ಕಾಫಿ ಇಡು ಮಗಾ.”

“ನಾನ್ ಹೋಗಲ್ಲ. ನಮ್ಮಪ್ಪಂದು ಇದು.”

ಬೋರಣ್ಣ ಹಗ್ಗ ಸುತ್ತತೊಡಗಿದ. “ಬಿಡ್ರವ್ವಾ. ಎಲ್ಲಾರ್ ಮನೇಲೂ ಒಂದೊಂದ್ ಸಾಮಾನು ಹಿಂಗೇ ಇರ್ತದೆ. ಇನ್ನೊಂದ್ ದಿನ ನೋಡಾನ” ಎಂದ. ಬಿಡಲು ಅವನು ದಾರಿ ಮಾಡಿಕೊಟ್ಟಿದ್ದ. ನಾನು ಹೂಂ ಎಂದಿದ್ದರೆ ಊರು ಕೇಳುತ್ತಿರಲಿಲ್ಲ. ನಾವೂ ಅಡ್ಡಡ್ಡ ನಡೆಯುವವರಾಗುತ್ತಿದ್ದೆವು, ಅಷ್ಟೇ. ಆದರೆ ಸುಧಾಮಣಿಗೆ ಏನೋ ಉಳಿದಿದೆ ಎಂದು ಆಗಲೇ ಗೊತ್ತಾಗಿತ್ತು. ಆಗ ಪಕ್ಕದ ಜಗಲಿಯಿಂದ ನಸೀಮಾ, “ಅಮ್ಮೀ” ಎಂದು ಕೂಗಿದಳು. ಕೂತು ಕಾಲು ಹಿಡಿದಿರಬೇಕು. ಮೆಹಬೂಬಿ ಎದ್ದು ಹೋಗಿ, ಮಗಳ ಕಾಲನ್ನು ಇನ್ನೊಂದು ಮಗ್ಗುಲಿಗೆ ಇಟ್ಟು, ಬಂದು ಅದೇ ಚಾಪೆಯ ಮೇಲೆ ಕೂತಳು. ನನ್ನ ಕೈಯನ್ನೇ ನೋಡುತ್ತಿದ್ದಳು.

ನಾನು ಮತ್ತೆ ಕೈ ಊರಿದೆ. “ಬಟ್ಟೆ ಹರವ್ತಿರ್ಲಿಲ್ಲ. ಬಚ್ಚಲ ಬಾಗ್ಲಲ್ಲೇ ಕೂತಿದ್ದೆ. ಶಾಲೇಲಿ ಕಾಪಿ ಬರೆಯೋಕೆ ಕೊಟ್ಟಿದ್ರು. ಅವರು ಮೂರ್ ಸಲ ಕೂಗಿದ್ರು. ಎರಡು ಸಲ ಯಾವತ್ತಿನ ಹಾಗೆ. ಮೂರನೇ ಸಲ ಬಾಯಲ್ಲಿ ನೀರಿತ್ತು. ನಾನು ಬರೀತಿದ್ದ ಸಾಲು ಮುಗ್ಸಿ ಎದ್ದೆ. ಅಷ್ಟೊತ್ತಿಗೆ ಮುಗಿದಿತ್ತು.”

ಬಾಗಿಲ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಬೋರಣ್ಣ ಕಣ್ಸನ್ನೆ ಮಾಡಿದ, ನಾಲ್ವರೂ ಬಗ್ಗಿದರು. ತೊಟ್ಟಿಯ ಒಂದು ಮೂಲೆ ಕೂದಲೆಳೆಯಷ್ಟು ಎದ್ದು ಮತ್ತೆ ಕೂತಿತು. ನೆಲದಲ್ಲಿ ದಡ್ ಎಂಬ ಸದ್ದಾಯಿತು. ಬೋರಣ್ಣ ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡ. “ಅವ್ವಾ,” ಎಂದ, ದೇವರ ಮುಂದೆ ಮಾತಾಡುವಷ್ಟು ಮೆಲ್ಲಗೆ, “ಇನ್ನೂ ಇದೆ.”

“ಇನ್ನೇನಿದೆ?” ಎಂದಳು ಸುಧಾಮಣಿ. ಅವಳ ದನಿ ಸಣ್ಣವಳಿದ್ದಾಗಿನ ದನಿಯಾಗಿತ್ತು. “ಅಮ್ಮ, ಇನ್ನೇನಿದೆ?”

ಇನ್ನೂ ಇದೆ ಎಂದು ನನಗೂ ಗೊತ್ತಿತ್ತು. ಅಷ್ಟಕ್ಕೇ ಎದ್ದುಬಿಡಬಹುದೆಂದು ಆಸೆಪಟ್ಟಿದ್ದೆ. ಒನಕೆಯ ಮೇಲೆ ಕೈಯಿಟ್ಟು ಎರಡು ಎಂದಿದ್ದ ಅತ್ತೆಯ ಹಾಗೆ.

“ಸಾಲು ಮುಗ್ಸಿ ಏಳ್ಲಿಲ್ಲ,” ಎಂದೆ. “ಕಮಲಳು ಅಂಗಡಿಗೆ ಹೋಗಿ ಅಚ್ಚು ಬೆಲ್ಲ ತಂದಳು. ಅದು ಸಾಲು. ಮೂರನೇ ಕೂಗು ಬಂದಾಗ ನಾನು ಬೆಲ್ಲದ ಒತ್ತಕ್ಷರದಲ್ಲಿದ್ದೆ. ಅದೇನು ಕೂಗು ಅಂತ ನಂಗೆ ತಿಳೀತು. ಒಂಬತ್ತು ವರ್ಷ ಕೇಳಿದ್ದೆ, ತಿಳಿಯದೆ ಇರುತ್ತಾ? ಆಮೇಲೆ ಕೂಗು ನಿಂತು, ನೀರಲ್ಲಿ ಕೈ ಬಡಿಯೋದು ಕೇಳಿಸ್ತು. ಎಡಗೈ. ಆಗ ಹೋಗಿದ್ರೆ ಸಿಗೋರು. ನಾನು ತಂದಳು ಅಂತ ಬರೆದು ಮುಗ್ಸಿದೆ. ನೋಡಿದೆ. ಅಕ್ಷರ ಸೊಟ್ಟಗಿತ್ತು. ಹಾಳೆ ತಿರುವಿ ಅದೇ ಸಾಲು ಮತ್ತೆ ಬರೆದೆ, ನಿಧಾನಕ್ಕೆ, ದುಂಡಗೆ. ಅದನ್ನ ಬರೆಯೋವರೆಗೂ ಕೈ ಬಡೀತಾನೇ ಇತ್ತು. ಕೊನೇ ಅಕ್ಷರಕ್ಕೆ ನಿಂತ್ಹೋಯ್ತು. ಗುಳ್ಳೆ ಸದ್ದು ಒಂದೇ ಉಳೀತು. ಇನ್ನು ಕೂಗಲ್ಲ ಅಂತ ಅನ್ನಿಸ್ತು. ಹಾಯಾಯ್ತು. ಆಮೇಲೆ ಎದ್ದೆ.”

ಬೋರಣ್ಣ ಒಬ್ಬನೇ ಒಂದು ಅಂಚಿಗೆ ಕೈ ಕೊಟ್ಟು ನೋಡಿದ. ತೊಟ್ಟಿ ಬಿದಿರಿನ ಮೊರದಂತೆ ಎದ್ದಿತು. ಅವನು ಅದನ್ನು ಮತ್ತೆ ಮೆಲ್ಲಗೆ ಕೆಳಗಿಟ್ಟು ಮೆಹಬೂಬಿಯ ಕಡೆ ನೋಡಿದ. ಕೇಳಿದ ಮೇಲೆ ಬೇಡ ಎನ್ನುವ ಹಕ್ಕು ಕೊಳ್ಳುವವರಿಗಿದೆ. ಅವಳು ಬಹಳ ಹೊತ್ತು ತೊಟ್ಟಿಯ ಒಳಗನ್ನೇ ನೋಡಿದಳು, ಅಲ್ಲಿ ಏನೂ ಇರಲಿಲ್ಲ, ನೀಲಿ ಬಣ್ಣ ಬಿಟ್ಟರೆ. ಕೊನೆಗೆ, “ಎತ್ತಿ ಅಣ್ಣಾ” ಎಂದಳು.

ಹೊಸ್ತಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು. ಶಾಪ ಹಾಕುತ್ತಾಳೆ ಎಂದುಕೊಂಡೆ. “ಅಜ್ಜಿ, ನಮ್ ಹುಡುಗಿ ಕೂಗಿದಾಗ ನಾನೂ ಕೈಲಿರೋ ಬೀಡಿ ಕಟ್ಟಿ ಮುಗ್ಸೇ ಏಳೋದು” ಎಂದಳು. “ಇನ್ಮೇಲೆ ಅರ್ಧಕ್ಕೇ ಬಿಟ್ಟು ಏಳ್ತೀನಿ.” ಸೆರಗು ಬಿಗಿದುಕೊಂಡು ಮಗಳನ್ನು ಬೆನ್ನಿಗೇರಿಸಿ ಹಮಾಲರ ಹಿಂದೆ ಹೋದಳು. ತೊಟ್ಟಿ ಎಷ್ಟು ಹಗುರವಾಗಿತ್ತೆಂದರೆ ಕೊನೆಯವನು ಬೀಡಿ ಸೇದುತ್ತ ಒಂದೇ ಕೈಯಲ್ಲಿ ಹಿಡಿದಿದ್ದ.

ನಾನು ಬಚ್ಚಲ ಕಡೆ ತಿರುಗಿದಾಗ ಬಾಗಿಲಲ್ಲಿ ಸುಧಾಮಣಿ ಇರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ಅವಳು ನನ್ನನ್ನು ಬೈಯಲಿಲ್ಲ, ಊರಿಗೆ ಹೇಳಲಿಲ್ಲ; ಸಾಮಾನಿನ ಮಾತು ಸಾಮಾನಿನ ಜೊತೆ ಹೋಗಬೇಕಲ್ಲ. ಬರಲಿಲ್ಲ, ಅಷ್ಟೇ. ಅವಳ ಮನೆ ಎರಡು ಬೀದಿ ಆಚೆ. ಹಬ್ಬಕ್ಕೆ ಮೊಮ್ಮಗಳ ಕೈಯಲ್ಲಿ ಹೋಳಿಗೆ ಕಳಿಸಿದಳು. ಹೇಳಲು ಏನೂ ಇಲ್ಲದ ಹೊಸ ಡಬ್ಬಿಯಲ್ಲಿ, ಅಂಗಡಿಯ ಚೀಟಿ ಇನ್ನೂ ಅಂಟಿತ್ತು. ನಸೀಮಾಳ ಎಡಗಾಲು ಸ್ವಲ್ಪ ನೆಟ್ಟಗಾಗಿದೆ, ಬಲಗಾಲು ಹಾಗೇ ಇದೆ ಎಂದು ಬೋರಣ್ಣನಿಂದ ತಿಳಿಯಿತು. ಬಚ್ಚಲಲ್ಲಿ ತೊಟ್ಟಿಯಿದ್ದ ಜಾಗ ಬೋಳಾಗಿ ಉಳಿಯಿತು. ನಾನು ಅಲ್ಲಿ ಸ್ನಾನ ಮಾಡಲು ಶುರು ಮಾಡಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಗ್ಗೆ ಸುಧಾಮಣಿ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಜಗಲಿಯ ಕೆಳಗೇ ನಿಂತು, “ಆ ಕಾಪಿ ಪುಸ್ತಕ ಇದೆಯಾ?” ಎಂದು ಕೇಳಿದಳು. ಇತ್ತು. ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ತಂದು ಕೊಡಲು ಹೋದರೆ ಕೈ ಚಾಚಲಿಲ್ಲ, ಜಗಲಿಯ ಮೇಲೆ ಇಡು ಎಂದಳು.

“ನಂಗೆ ಕೊಡು ಇದನ್ನ. ಹೇಳಿ ಕೊಡು.”

ನಾನು ಪುಸ್ತಕದ ಮೇಲ್ಹಾಳೆಗೆ ಕೈಯಿಟ್ಟೆ. ಅವಳು ನನ್ನ ಹೇಳಿಕೆಗೆ ಕಾಯಲಿಲ್ಲ, ತಾನೇ ಕೇಳಿದಳು. ನಾಲ್ಕು ತಿಂಗಳು ಕೂಡಿಟ್ಟುಕೊಂಡ ಪ್ರಶ್ನೆಗಳು.

“ಅಪ್ಪ ನಿನಗೆ ಹೊಡೀತಿದ್ರಾ? ನಾನು ಮದುವೆಯಾಗಿ ಹೋದ್ಮೇಲೆ?”

“ಇಲ್ಲ. ಯಾವತ್ತೂ ಕೈ ಎತ್ತಿದೋರಲ್ಲ.”

“ಬೈತಿದ್ರಾ? ಯಾರ ಜೊತೆಗಾದ್ರೂ ಏನಾದ್ರೂ... ನೀನ್ ಹೇಳ್ದೆ ನುಂಗ್ಕೊಂಡಿದ್ದಾ?”

“ಇಲ್ಲ ಮಗಾ.”

“ತಾವೇ ಹೇಳಿದ್ರಾ ಸಾಕು ಅಂತ? ನೋವು ತಡೆಯೋಕಾಗಲ್ಲ, ಬಿಟ್ಬಿಡು ಅಂತ? ಹೇಳಿರ್ತಾರೆ. ರೋಗಿಗಳು ಹೇಳ್ತಾರೆ, ನಾನ್ ದಿನಾ ಕೇಳ್ತೀನಿ.”

ಹೂಂ ಎನ್ನಬಹುದಿತ್ತು. ಅವಳ ಮುಖ ನೋಡಿದರೆ ಹೂಂ ಎನ್ನಿಸಿಕೊಳ್ಳಲೇ ಬಂದಿದ್ದಳು. ಆದರೆ ನನ್ನ ಕೈಯ ಕೆಳಗೆ ಪುಸ್ತಕವಿತ್ತು. “ಹೇಳ್ಲಿಲ್ಲ. ಅವರಿಗೆ ಬದುಕೋ ಆಸೆಯಿತ್ತು. ದೀಪಾವಳಿಗೆ ಮೋಟಾರಿಗೆ ಹೊಸ ವೈರು ಹಾಕ್ಬೇಕು ಅಂತಿದ್ರು.”

“ಮತ್ತೆ ಯಾಕಮ್ಮ?”

“ಸಾಕಾಗಿತ್ತು ಕಣೆ.”

“ಅಷ್ಟೇನಾ?”

“ಅಷ್ಟೇ.”

ನಾನು ಕೈ ತೆಗೆದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲು ಅಗಲಿಸಿ ನಿಂತು, ಬೀಸುಕಲ್ಲಿಗೆ ಕೈ ಹಾಕುವವಳಂತೆ ಎರಡೂ ಕೈಯಿಂದ ಪುಸ್ತಕವನ್ನು ಹಿಡಿದಳು. ಅದು ಏಳಬಾರದು, ನಾನು ಇನ್ನೂ ಏನೋ ಮುಚ್ಚಿಟ್ಟಿರಬೇಕು, ಅದನ್ನು ನನ್ನಿಂದ ಹೇಳಿಸಿ ಮತ್ತೆ ಅಮ್ಮ ಎನ್ನಬೇಕು ಎನ್ನುವ ಆಸೆ ಅವಳ ರಟ್ಟೆಯಲ್ಲೇ ಕಾಣುತ್ತಿತ್ತು. ಎಳೆದಳು. ಎಂಬತ್ತು ಹಾಳೆಯ ಪುಸ್ತಕ ಎಂಬತ್ತು ಹಾಳೆಯಷ್ಟೇ ಹಗುರವಾಗಿ ಎದ್ದು ಬಂತು. ಬಿಗಿದ ಮೈಯ ಬಲವೆಲ್ಲ ಅವಳನ್ನೇ ಹಿಂದಕ್ಕೆ ತಳ್ಳಿ, ಅವಳು ಆಯ ತಪ್ಪಿದಳು. ಈ ಸಲ ನಾನು ತಡ ಮಾಡಲಿಲ್ಲ. ಕೈ ಚಾಚಿದೆ.

ಅವಳು ಗೋಡೆ ಹಿಡಿದುಕೊಂಡಳು.